ಎಲ್ಲದಕ್ಕೂ ಒದಗಿದ ಗಾಡಿ

1981ರಲ್ಲಿ ಅಮೆರಿಕದ ಸೂಪರ್‌ಬೈಕ್ ರೇಸಿನ ಚಾಂಪಿಯನ್ ಆದವರು ಎಡ್ಡಿ ಲಾಸನ್. ಅವರು ಓಡಿಸಿದ್ದು ಕವಾಸಾಕಿ ಕೆಝಡ್1000. ಆ ಕಾಲದ ಫೋಟೊಗಳನ್ನು ಇವತ್ತಿನ ರೇಸ್ ನೋಡಿ ರೂಢಿಯಾದವರು ನಂಬುವುದು ಕಷ್ಟ. ಬೈಕಿನ ಮುಂದೆ ಗಾಳಿ ಸೀಳುವ ಹೊದಿಕೆ ಇಲ್ಲ. ಎಂಜಿನ್ನು, ಚೌಕಟ್ಟು, ಕೊಳವೆ ಎಲ್ಲವೂ ಬಯಲಿಗೇ ಕಾಣುತ್ತವೆ. ಹ್ಯಾಂಡಲ್ಲಂತೂ ಅಗಲವಾಗಿ, ಎತ್ತರವಾಗಿ ಚಾಚಿಕೊಂಡಿದೆ. ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ ಲಾಸನ್ ಅದನ್ನು ಹೋರಿಯ ಕೊಂಬು ಹಿಡಿದವರಂತೆ ಹಿಡಿದಿದ್ದಾರೆ. ಆ ರೇಸಿನ ನಿಯಮವೇ ಹಾಗಿತ್ತು: ಅಂಗಡಿಯಲ್ಲಿ ಜನ ಕೊಳ್ಳುವ ಬೈಕಿನ ರೂಪವನ್ನು ಉಳಿಸಿಕೊಂಡೇ ಓಡಬೇಕು.

ಅದೇ ವರ್ಷ ಅದೇ ಕೆಝಡ್1000ದ ಪೊಲೀಸ್ ಮಾದರಿ ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಗಸ್ತು ತಿರುಗುತ್ತಿತ್ತು. ಅದರ ಮೇಲೆ ಕೂತ ಇಬ್ಬರು ಪೊಲೀಸರ ಕಥೆ ಹೇಳುವ 'ಚಿಪ್ಸ್' ಧಾರಾವಾಹಿ ಮನೆಮನೆಯ ಟಿವಿಯಲ್ಲಿ ಬರುತ್ತಿತ್ತು. ಎರಡು ವರ್ಷ ಮೊದಲು ತೆರೆಕಂಡ ಆಸ್ಟ್ರೇಲಿಯಾದ 'ಮ್ಯಾಡ್ ಮ್ಯಾಕ್ಸ್' ಚಿತ್ರದಲ್ಲಿ ಗೂಸ್ ಎಂಬ ಪಾತ್ರ ಸವಾರಿ ಮಾಡಿದ್ದೂ ಕೆಝಡ್1000ವನ್ನೇ. ಇಷ್ಟರ ನಡುವೆ ಅಂಥದೇ ಬೈಕುಗಳ ಹಿಂದೆ ಟಿಫಿನ್ ಚೀಲ ಕಟ್ಟಿಕೊಂಡು ಸಾವಿರಾರು ಜನ ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದರು. ರೇಸಿಗೆ ಒಂದು, ಪೊಲೀಸರಿಗೆ ಒಂದು, ಗುಮಾಸ್ತರಿಗೆ ಒಂದು ಎಂದು ಬೇರೆ ಬೇರೆ ಗಾಡಿಯ ನಕ್ಷೆ ಬರೆದಿರಲಿಲ್ಲ. ಮೂಲದಲ್ಲಿ ಗಾಡಿ ಒಂದೇ.

1970ರ ದಶಕದ ಜಪಾನಿನ ಈ ಬೈಕುಗಳನ್ನು 'ಸ್ಟ್ಯಾಂಡರ್ಡ್' ಎನ್ನುತ್ತಾರೆ. ದಶಕದ ನಡುವೆ ಅಮೆರಿಕದ ಮೋಟಾರ್‌ಸೈಕಲ್ ಪತ್ರಿಕೆಯೊಂದು ಇವುಗಳಿಗೆ 'ಯೂನಿವರ್ಸಲ್ ಜಪಾನೀಸ್ ಮೋಟಾರ್‌ಸೈಕಲ್' ಎಂಬ ಹೆಸರಿಟ್ಟಿತು. ಆ ಹೆಸರಿನಲ್ಲಿ ಮೆಚ್ಚುಗೆಯ ಜೊತೆಗೆ ಒಂದು ದೂರೂ ಇತ್ತು. ಹೋಂಡಾ, ಯಮಾಹಾ, ಸುಜುಕಿ, ಕವಾಸಾಕಿ ನಾಲ್ವರೂ ಮಾಡುವುದು ಒಂದೇ ಥರದ ಬೈಕು, ಟ್ಯಾಂಕಿನ ಮೇಲಿನ ಹೆಸರು ಒರೆಸಿದರೆ ಯಾವುದು ಯಾರದೆಂದು ಹೇಳಲಾಗದು ಎಂಬ ದೂರು. ಅದು ನಿಜವೇ. ಆದರೆ ಆ ಒಂದೇ ಥರವನ್ನು ಕೊರತೆಯೆಂದು ನಾನು ಒಪ್ಪುವುದಿಲ್ಲ. ನಾಲ್ಕು ಕಂಪನಿಗಳೂ ತಮ್ಮ ತಮ್ಮ ದಾರಿಯಲ್ಲಿ ಹೋಗಿ ಒಂದೇ ಆಕಾರಕ್ಕೆ ಬಂದು ಮುಟ್ಟಿದರೆ, ಆ ಆಕಾರದಲ್ಲೇ ಏನೋ ಹುರುಳಿದೆ ಎಂದರ್ಥ.

ಆ ಆಕಾರ ನಮಗೇನೂ ಹೊಸದಲ್ಲ. ಯಮಾಹಾ ಆರ್‌ಎಕ್ಸ್100 ಅಥವಾ ಹೀರೋ ಹೋಂಡಾ ಸಿಡಿ100 ಅನ್ನು ಕಣ್ಣಿಗೆ ತಂದುಕೊಂಡು ಅದನ್ನೇ ಏಳೆಂಟು ಪಟ್ಟು ಹಿಗ್ಗಿಸಿದರೆ ಸಾಕು. ಉಕ್ಕಿನ ಕೊಳವೆಗಳ ತೊಟ್ಟಿಲು, ಅದರೊಳಗೆ ಗಾಳಿಯಿಂದಲೇ ತಣಿಯುವ ಎಂಜಿನ್ನು, ಮೇಲೆ ಹನಿಯಾಕಾರದ ಟ್ಯಾಂಕು, ಅದರ ಹಿಂದೆ ಇಬ್ಬರು ಕೂರುವ ಚಪ್ಪಟೆ ಉದ್ದ ಸೀಟು, ಹಿಂದೆ ಎರಡೂ ಬದಿ ಒಂದೊಂದು ಶಾಕ್ ಅಬ್ಸಾರ್ಬರ್, ಮುಂದೆ ದುಂಡು ಡೂಮು, ಅದರ ಮೇಲೆ ಜೋಡಿ ಮೀಟರು. ಮಗುವಿನ ಕೈಗೆ ಬಳಪ ಕೊಟ್ಟು ಬೈಕಿನ ಚಿತ್ರ ಬರೆ ಎಂದರೆ ಬರೆಯುವುದು ಇದನ್ನೇ.

ಕೂರುವ ಭಂಗಿಯಲ್ಲೇ ಅರ್ಧ ಗುಟ್ಟಿದೆ. ಕೈಹಿಡಿ, ಸೀಟು, ಫುಟ್‌ರೆಸ್ಟು ಈ ಮೂರನ್ನು ಗೆರೆಯೆಳೆದು ಕೂಡಿಸಿದರೆ ಒಂದು ತ್ರಿಕೋನ ಬರುತ್ತದೆ. ರೇಸ್ ಬೈಕಿನಲ್ಲಿ ಕೈಹಿಡಿ ಕೆಳಗಿಳಿದು ಫುಟ್‌ರೆಸ್ಟು ಹಿಂದೆ ಸರಿಯುತ್ತದೆ. ಸವಾರನ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಕ್ರೂಸರಿನಲ್ಲಿ ಕಾಲು ಮುಂದಕ್ಕೆ ಚಾಚುತ್ತದೆ. ಗುಂಡಿ ಬಂದಾಗ ಏಳಲಾಗದೆ ಪೆಟ್ಟೆಲ್ಲ ನೇರ ಸೊಂಟಕ್ಕೆ ಬಡಿಯುತ್ತದೆ. ಸ್ಟ್ಯಾಂಡರ್ಡ್ ಬೈಕಿನಲ್ಲಿ ಪಾದ ಹೆಚ್ಚುಕಡಿಮೆ ದೇಹದ ಕೆಳಗೇ ಇರುತ್ತದೆ, ಬೆನ್ನು ನೆಟ್ಟಗೋ ಒಂಚೂರು ಬಾಗಿಯೋ ಇರುತ್ತದೆ. ಹಾಗಾಗಿ ಕೆಟ್ಟ ರಸ್ತೆಯಲ್ಲಿ ಫುಟ್‌ರೆಸ್ಟಿನ ಮೇಲೆ ನಿಲ್ಲಬಹುದು, ವೇಗ ಹೆಚ್ಚಿದಾಗ ಟ್ಯಾಂಕಿನ ಮೇಲೆ ಬಾಗಬಹುದು, ದೂರದ ದಾರಿಯಲ್ಲಿ ಸೀಟಿನ ಮೇಲೆ ಹಿಂದೆ ಮುಂದೆ ಸರಿದು ಬೆನ್ನಿಗೆ ವಿಶ್ರಾಂತಿ ಕೊಡಬಹುದು. ಯಾವುದೇ ಒಂದು ಭಂಗಿಗೆ ಅದು ದೇಹವನ್ನು ಕಟ್ಟಿಹಾಕುವುದಿಲ್ಲ.

ಇನ್ನರ್ಧ ಗುಟ್ಟು ಕಟ್ಟೋಣದಲ್ಲಿದೆ. ಈ ಬೈಕಿನಲ್ಲಿ ಒಂದೊಂದು ಭಾಗವೂ ತನ್ನಷ್ಟಕ್ಕೆ ತಾನು ಬಿಡಿ. ಟ್ಯಾಂಕು ತೆಗೆದರೆ ಸೀಟಿಗೇನೂ ಆಗದು. ಸೀಟು ಬದಲಿಸಿದರೆ ಡೂಮಿಗೆ ಸಂಬಂಧವಿಲ್ಲ. ಹ್ಯಾಂಡಲ್ಲು ದುಂಡಗಿನ ಕೊಳವೆ, ಎರಡು ಕ್ಲಾಂಪುಗಳ ನಡುವೆ ಕೂತಿರುತ್ತದೆ. ನಾಲ್ಕು ಬೋಲ್ಟು ಸಡಿಲಿಸಿದರೆ ಬೇರೊಂದು ಕೂರುತ್ತದೆ. ಇಂದಿನ ಎಷ್ಟೋ ಬೈಕುಗಳಲ್ಲಿ ಒಂದು ಪ್ಲಾಸ್ಟಿಕ್ ತುಂಡು ಬಿಚ್ಚಲು ಇನ್ನೂ ಮೂರನ್ನು ಬಿಚ್ಚಬೇಕು, ಒಂದರ ಗೆರೆ ಇನ್ನೊಂದರಲ್ಲಿ ಮುಂದುವರಿದಿರುತ್ತದೆ, ಏನೇ ಬದಲಿಸಿದರೂ ಅಂಗಹೀನವಾಗಿ ಕಾಣುತ್ತದೆ. ಹಳೆಯ ಸ್ಟ್ಯಾಂಡರ್ಡ್ ಬೈಕು ನಮ್ಮ ಹಳ್ಳಿಯ ತೊಟ್ಟಿಮನೆಯ ಹಾಗೆ. ಅಂಕಣಕ್ಕೆ ಅಂಕಣ ಸೇರಿಸಬಹುದು, ಪಡಸಾಲೆಯನ್ನು ಅಂಗಡಿ ಮಾಡಬಹುದು, ಕಂಬ ತೊಲೆ ಗಟ್ಟಿಯಿರುವ ತನಕ ಮನೆ ಮನೆಯೇ.

ಈ ಕಥೆಯ ಮೊದಲ ದೊಡ್ಡ ಗಾಡಿ ಹೋಂಡಾ ಸಿಬಿ750. ಅದರ ಹುಟ್ಟನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಎಲ್ಲಕ್ಕೂ ಒದಗುವ ಗುಣ ಅದಕ್ಕೆ ಅಕಸ್ಮಾತ್ತಾಗಿ ಬಂದದ್ದಲ್ಲ. 1960ರ ದಶಕದಲ್ಲಿ ಹೋಂಡಾ ವಿಶ್ವದ ದೊಡ್ಡ ರೇಸುಗಳನ್ನು ಗೆಲ್ಲುತ್ತಿತ್ತು, ಸಣ್ಣ ಬೈಕುಗಳನ್ನು ಲಕ್ಷಗಟ್ಟಲೆ ಮಾರುತ್ತಿತ್ತು. ಆದರೆ ಅಮೆರಿಕದಲ್ಲಿ ದೊಡ್ಡ ಬೈಕು ಎಂದರೆ ಬ್ರಿಟನ್ನಿನ ಟ್ರಯಂಫ್, ಬಿಎಸ್‌ಎ, ನಾರ್ಟನ್, ಇಲ್ಲವೇ ಅಲ್ಲಿನದೇ ಹಾರ್ಲೆ ಡೇವಿಡ್‌ಸನ್. 1965ರಲ್ಲಿ ಹೋಂಡಾ ತಂದ ಸಿಬಿ450 ತಾಂತ್ರಿಕವಾಗಿ ಜಾಣ ಬೈಕಾದರೂ ಅಲ್ಲಿನ ಸವಾರರ ಮನಸ್ಸು ತುಂಬಲಿಲ್ಲ. ಎಂಜಿನಿಯರ್ ಯೊಶಿರೊ ಹರಾಡಾ ಅಮೆರಿಕಕ್ಕೆ ಹೋಗಿ ಕೇಳಿಕೊಂಡು ಬಂದ ಮಾತು ಒಂದೇ: ಇನ್ನೂ ದೊಡ್ಡದು ಬೇಕು.

ಹರಾಡಾ ಅವರ ತಂಡ ಹಾಕಿಕೊಂಡ ಗುರಿಗಳನ್ನು ಓದಿದರೆ ಸಂತೋಷವಾಗುತ್ತದೆ. ಅಲ್ಲಿ ಅತಿವೇಗದ ದಾಖಲೆಯ ಮಾತಿಲ್ಲ. ಹೆದ್ದಾರಿಯಲ್ಲಿ ಗಂಟೆಗೆ 140ರಿಂದ 160 ಕಿಲೋಮೀಟರ್ ವೇಗದಲ್ಲಿ ಅಲುಗದೆ ಸಾಗಬೇಕು, ಆಮೇಲೂ ಶಕ್ತಿ ಮಿಕ್ಕಿರಬೇಕು. ಬ್ರೇಕು ನಂಬುವಂತಿರಬೇಕು. ದೂರ ಪ್ರಯಾಣದಲ್ಲಿ ಸವಾರ ದಣಿಯದಂತೆ ನಡುಕ ಮತ್ತು ಸದ್ದು ಕಡಿಮೆಯಿರಬೇಕು. ಬಾಳಿಕೆ ಬರಬೇಕು, ರಿಪೇರಿ ಸುಲಭವಾಗಬೇಕು. ಮುಂದಿನ ಬ್ರೇಕಿನ ವಿಷಯಕ್ಕೆ ಬಂದಾಗ ಹರಾಡಾ ಎರಡು ನಕ್ಷೆ ಇಟ್ಟುಕೊಂಡಿದ್ದರು: ಹಳೆಯ ಡ್ರಮ್ ಬ್ರೇಕಿನದೊಂದು, ಇನ್ನೂ ಪಳಗದ ಡಿಸ್ಕ್ ಬ್ರೇಕಿನದೊಂದು. ಸೊಯಿಚಿರೊ ಹೋಂಡಾ ಅನುಮಾನಿಸದೆ ಡಿಸ್ಕಿನ ಕಡೆ ಬೆರಳು ತೋರಿಸಿದರು.

1968ರ ಅಕ್ಟೋಬರಿನಲ್ಲಿ ಟೋಕಿಯೊ ಮೋಟಾರ್ ಷೋದಲ್ಲಿ ಬೈಕು ಜನರ ಮುಂದೆ ನಿಂತಿತು. 736 ಸಿಸಿ, ಅಡ್ಡಲಾಗಿ ಸಾಲಾಗಿ ಕೂತ ನಾಲ್ಕು ಸಿಲಿಂಡರು, ನಾಲ್ಕಕ್ಕೂ ಬೇರೆ ಬೇರೆ ಸೈಲೆನ್ಸರು, 8000 ಸುತ್ತಿನಲ್ಲಿ 67 ಅಶ್ವಶಕ್ತಿ, ಸೆಲ್ಫ್ ಸ್ಟಾರ್ಟು, ಮುಂದೆ ಡಿಸ್ಕ್ ಬ್ರೇಕು, ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ. ಅದುವರೆಗೆ ನಾಲ್ಕು ಸಿಲಿಂಡರೆಂದರೆ ರೇಸಿನವರ ಮತ್ತು ಸಿರಿವಂತರ ಸೊತ್ತು. ಅಮೆರಿಕದ ಡೀಲರುಗಳ ಸಭೆಯಲ್ಲಿ ಇದರ ಬೆಲೆ 1,495 ಡಾಲರ್ ಎಂದಾಗ ಅವರಿಗೆ ನಂಬಲಾಗಲಿಲ್ಲ. ವರ್ಷಕ್ಕೆ 1,500 ಬೈಕು ಮಾರಿದರೆ ಸಾಕೆಂದು ಲೆಕ್ಕ ಹಾಕಿದ್ದ ಕಂಪನಿಗೆ ತಿಂಗಳಿಗೆ 1,500, ಆಮೇಲೆ ತಿಂಗಳಿಗೆ 3,000 ಬೇಕು ಎಂಬ ಬೇಡಿಕೆ ಬಂತು. ಹೆಚ್ಚು ಮಾರಾಟವಾಗದೆಂಬ ಅಂದಾಜಿನಲ್ಲಿ ದುಬಾರಿ ಅಚ್ಚುಗಳಿಗೆ ಹಣ ಹಾಕದೆ ಎಂಜಿನ್ನಿನ ಹೊರಕವಚ ಎರಕ ಹೊಯ್ದಿದ್ದರು. ಮೇಲ್ಮೈ ತರಿತರಿಯಾಗಿರುವ ಆ ಮೊದಲ 7,414 ಬೈಕುಗಳನ್ನು ಸಂಗ್ರಾಹಕರು ಇಂದು 'ಸ್ಯಾಂಡ್‌ಕಾಸ್ಟ್' ಎಂದು ಕರೆದು ಚಿನ್ನದ ಹಾಗೆ ನೋಡಿಕೊಳ್ಳುತ್ತಾರೆ.

ಮಾರಾಟಕ್ಕೆ ಬಂದ ಮರುವರ್ಷವೇ, 1970ರಲ್ಲಿ, ಡಿಕ್ ಮ್ಯಾನ್ ಎಂಬ ಅನುಭವಿ ಸವಾರ ಇದೇ ಎಂಜಿನ್ನಿನ ರೇಸ್ ರೂಪವನ್ನು ಓಡಿಸಿ ಡೇಟೋನಾ 200 ರೇಸ್ ಗೆದ್ದರು. ಬ್ರಿಟನ್ನಿನಲ್ಲಿ ರಿಕ್‌ಮನ್ ಸೋದರರು ಇದೇ ಎಂಜಿನ್ನಿಗೆ ತಮ್ಮದೇ ಚೌಕಟ್ಟು ಕಟ್ಟಿ ಕಿಟ್ಟಾಗಿ ಮಾರಿದರು. ಅಮೆರಿಕದಲ್ಲಿ ಮುಂದಿನ ಫೋರ್ಕು ಮಾರುದ್ದ ಚಾಚಿಸಿ ಚಾಪರ್ ಮಾಡಿಕೊಂಡವರಿದ್ದಾರೆ. ರಸ್ ಕಾಲಿನ್ಸ್ ಅವರದಂತೂ ಬೇರೆಯೇ ಲೆಕ್ಕ. ಡ್ರ್ಯಾಗ್ ರೇಸಿನ ಈ ಮಹಾಶಯರು ಮೂರು ಸಿಬಿ750 ಎಂಜಿನ್ನುಗಳನ್ನು ಒಂದರ ಹಿಂದೊಂದು ಜೋಡಿಸಿ ಹನ್ನೆರಡು ಸಿಲಿಂಡರಿನ ಬೈಕು ಕಟ್ಟಿದರು, ಕಾಲು ಮೈಲಿಯನ್ನು ಎಂಟು ಸೆಕೆಂಡಿನೊಳಗೆ ಮುಗಿಸಿದರು. ಹರಾಡಾ ಅವರ ಗುರಿಗಳ ಪಟ್ಟಿಯಲ್ಲಿ ಇದು ಯಾವುದೂ ಇರಲಿಲ್ಲ. ಬಾಳಿಕೆ ಬರಲಿ, ಶಕ್ತಿ ಮಿಕ್ಕಿರಲಿ ಎಂದು ಅವರು ಬರೆದಿಟ್ಟಿದ್ದರು. ಆ ಮಿಕ್ಕ ಶಕ್ತಿಯನ್ನು ಯಾರಾರೋ ಯಾವುದಕ್ಕೋ ಬಳಸಿಕೊಂಡರು.

ಕವಾಸಾಕಿಯೂ ಆಗ ಗುಟ್ಟಾಗಿ 750 ಸಿಸಿಯ ನಾಲ್ಕು ಸಿಲಿಂಡರ್ ಬೈಕನ್ನೇ ಮಾಡುತ್ತಿತ್ತು. ಟೋಕಿಯೊ ಷೋದಲ್ಲಿ ಹೋಂಡಾ ಮೊದಲು ತೋರಿಸಿಬಿಟ್ಟಾಗ ಅವರಿಗೆ ದೊಡ್ಡ ಆಘಾತ. ಆತುರಪಟ್ಟು ಎರಡನೆಯವರಾಗಿ ಬರುವುದಕ್ಕಿಂತ ಕಾದು ಇನ್ನೂ ಒಳ್ಳೆಯದನ್ನು ತರೋಣ ಎಂದು ತೀರ್ಮಾನಿಸಿದ್ದು ಅವರ ದೊಡ್ಡತನ. 'ನ್ಯೂಯಾರ್ಕ್ ಸ್ಟೇಕ್' ಎಂಬ ಗುಪ್ತನಾಮದಲ್ಲಿ ಕೆಲಸ ನಡೆದು 1972ರಲ್ಲಿ ಝಡ್1 ಹೊರಬಂತು: 903 ಸಿಸಿ, ವಾಲ್ವುಗಳ ಮೇಲೆ ಎರಡು ಕ್ಯಾಮ್‌ಷಾಫ್ಟು, 82 ಅಶ್ವಶಕ್ತಿ. ಅದರ ಕ್ರ್ಯಾಂಕು ರೋಲರ್ ಬೇರಿಂಗುಗಳ ಮೇಲೆ ತಿರುಗುತ್ತದೆ. 82 ಅಶ್ವಶಕ್ತಿಗೆ ಅಷ್ಟು ಗಟ್ಟಿ ಬೇಕಿರಲಿಲ್ಲ. ಬೋರು ಹಿಗ್ಗಿಸಿ, ಟರ್ಬೊ ಕೂರಿಸಿ, ಅದರ ಇಮ್ಮಡಿ ಶಕ್ತಿ ಎಳೆದವರ ಕೈಯಲ್ಲೂ ಆ ಎಂಜಿನ್ನು ತಡೆದುಕೊಂಡು ನಿಂತಿತು. ಲಾಸನ್ ಅವರ ರೇಸ್ ಬೈಕು ಈ ಝಡ್1ರ ವಂಶದ್ದೇ. ಪೊಲೀಸರ ಕೆಝಡ್1000 ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ನಿನ ಕಾರ್ಖಾನೆಯಲ್ಲಿ 2005ರವರೆಗೆ ತಯಾರಾಯಿತು. 1972ರ ಒಂದು ವಿನ್ಯಾಸದ ಸಂತತಿ ಮೂವತ್ತಮೂರು ವರ್ಷ ಬಾಳಿ, ಕೊನೆಯವರೆಗೂ ಸರ್ಕಾರಿ ಕೆಲಸ ಮಾಡಿದಂತಾಯಿತು. ಇಡೀ ಹಗಲು ಬಿಸಿಲಲ್ಲಿ ಟ್ರಾಫಿಕ್ಕಿನ ನಡುವೆ ಮೆಲ್ಲಗೆ ತೆವಳುವುದು, ಮರುಗಳಿಗೆ ಕಳ್ಳನ ಕಾರಿನ ಬೆನ್ನು ಹತ್ತುವುದು: ಇವೆರಡನ್ನೂ ಒಂದೇ ಎಂಜಿನ್ನು ಮಾಡಬೇಕಿತ್ತು.

ಸುಜುಕಿ ದಶಕಗಟ್ಟಲೆ ಟು ಸ್ಟ್ರೋಕನ್ನೇ ನಂಬಿ ಕೂತಿತ್ತು. ಅದರ ನೀರು ತಂಪಿನ ಜಿಟಿ750ಗೆ ಅಮೆರಿಕನ್ನರು ಪ್ರೀತಿಯಿಂದ ಎಮ್ಮೆ ಎಂದೇ ಅಡ್ಡಹೆಸರಿಟ್ಟಿದ್ದರು. ಕೊನೆಗೆ 1976ರಲ್ಲಿ ಫೋರ್ ಸ್ಟ್ರೋಕಿನ ಜಿಎಸ್750 ತಂದಿತು. ಅದರ ದೊಡ್ಡಣ್ಣ ಜಿಎಸ್1000ವನ್ನು ಹಿಡಿಯೊ ಯೊಶಿಮುರಾ ಅವರ ತಂಡ ತಿದ್ದಿ ತೀಡಿ 1978ರ ಮೊತ್ತಮೊದಲ ಸುಜುಕಾ 8 ಗಂಟೆಗಳ ರೇಸ್ ಗೆದ್ದಿತು. ಯಮಾಹಾದ ದಾರಿ ಬೇರೆ. ಅದರ ಎಕ್ಸ್‌ಎಸ್650ಗೆ ಎರಡೇ ಸಿಲಿಂಡರು, ಬ್ರಿಟಿಷ್ ಬೈಕಿನ ಹಾಗೆ. ಕೆನ್ನಿ ರಾಬರ್ಟ್ಸ್ ಆ ಎಂಜಿನ್ನನ್ನು ಮಣ್ಣಿನ ಅಂಡಾಕಾರದ ಟ್ರ್ಯಾಕುಗಳಲ್ಲಿ ಹಿಂದಿನ ಚಕ್ರ ಜಾರಿಸುತ್ತ ಓಡಿಸಿದರು, 1973 ಮತ್ತು 1974ರಲ್ಲಿ ಅಮೆರಿಕದ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್ ಆದರು. ತೆಳ್ಳಗಿರುವುದರಿಂದ ಎಕ್ಸ್‌ಎಸ್650ಯನ್ನು ಇವತ್ತಿಗೂ ಬೈಕು ಕಟ್ಟುವ ಹವ್ಯಾಸಿಗಳು ಹುಡುಕಿಕೊಂಡು ಹೋಗುತ್ತಾರೆ.

ಇವೆಲ್ಲ ರೇಸಿನ ಮಾತಾಯಿತು. ನನಗೆ ಇನ್ನೂ ಹೆಚ್ಚು ಇಷ್ಟವಾಗುವ ಕಥೆ ಕ್ರೇಗ್ ವೆಟರ್ ಅವರ ವಿಂಡ್‌ಜ್ಯಾಮರ್‌ನದು. ನೆಟ್ಟಗೆ ಕೂತು ಓಡಿಸುವ ಬೈಕಿನ ದೊಡ್ಡ ತೊಂದರೆ ಗಾಳಿ. ಗಂಟೆಗೆ ನೂರು ಕಿಲೋಮೀಟರ್ ದಾಟಿತೆಂದರೆ ಎದೆಗೆ ಗಾಳಿ ಒತ್ತುತ್ತದೆ, ಸವಾರ ಹ್ಯಾಂಡಲ್ಲಿಗೆ ಜೋತುಬಿದ್ದಂತಾಗುತ್ತದೆ, ನೂರಿನ್ನೂರು ಮೈಲಿಗೆ ಭುಜ ಸೋಲುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದ ವೆಟರ್ ಫೈಬರ್‌ಗ್ಲಾಸಿನ ಅಗಲವಾದ ಗಾಳಿತಡೆಯೊಂದನ್ನು ರೂಪಿಸಿದರು. ಅದರ ಜಾಣತನ ಇರುವುದು ಹೀಗೆ: ಹೊದಿಕೆ ಎಲ್ಲ ಬೈಕಿಗೂ ಒಂದೇ, ಅದನ್ನು ಚೌಕಟ್ಟಿಗೆ ಹಿಡಿದುಕೊಳ್ಳುವ ಬ್ರ್ಯಾಕೆಟ್ಟು ಮಾತ್ರ ಬೈಕಿಗೊಂದು. ಸಿಬಿ750 ಮಾರಿ ಕವಾಸಾಕಿ ಕೊಂಡರೆ ವಿಂಡ್‌ಜ್ಯಾಮರನ್ನು ಬಿಚ್ಚಿ ಹೊಸದಕ್ಕೆ ಕಟ್ಟಿಕೊಳ್ಳಬಹುದಿತ್ತು. ಜಪಾನಿನ ಬೈಕುಗಳು ಒಂದೇ ಥರ ಇದ್ದದ್ದರಿಂದಲೇ ಇಂಥ ವ್ಯಾಪಾರ ಸಾಧ್ಯವಾಯಿತು. ಪತ್ರಿಕೆಯವರು ದೂರಿದ ಆ 'ಒಂದೇ ಥರ' ಇಲ್ಲಿ ಸವಾರನ ದುಡ್ಡು ಉಳಿಸಿತು. ಹಿಂದೆರಡು ಪೆಟ್ಟಿಗೆ ಸೇರಿಸಿದರೆ ವಾರವೆಲ್ಲ ಆಫೀಸಿಗೆ ಹೋದ ಗಾಡಿ ರಜೆಯಲ್ಲಿ ಗಂಡಹೆಂಡಿರನ್ನು ಕೂರಿಸಿಕೊಂಡು ದೇಶ ದಾಟುತ್ತಿತ್ತು. ಇಂದು ದೂರ ಪ್ರಯಾಣದ ಮಹಾರಾಜನೆನಿಸಿದ ಹೋಂಡಾ ಗೋಲ್ಡ್‌ವಿಂಗ್ ಕೂಡ 1975ರಲ್ಲಿ ಬಂದಾಗ ಹೊದಿಕೆಯಿಲ್ಲದ ಬರಿಮೈ ಬೈಕು. ಕಾರ್ಖಾನೆಯೇ ಗಾಳಿತಡೆ, ಪೆಟ್ಟಿಗೆ ಎಲ್ಲ ಕೂರಿಸಿ ಕೊಟ್ಟದ್ದು 1980ರಲ್ಲಿ.

ಜಪಾನಿನೊಳಗೆ ಸವಾರರ ಬದುಕು ಇಷ್ಟು ಸಲೀಸಾಗಿರಲಿಲ್ಲ. 1975ರಲ್ಲಿ ಅಲ್ಲಿನ ಲೈಸೆನ್ಸ್ ಕಾನೂನು ಬದಲಾಗಿ, 400 ಸಿಸಿಗಿಂತ ದೊಡ್ಡ ಬೈಕಿಗೆ ಬೇರೆಯೇ ಪರೀಕ್ಷೆ ಬಂತು. ಅದನ್ನು ದಾಟುವುದು ಬಲು ಕಷ್ಟ. ಡ್ರೈವಿಂಗ್ ಶಾಲೆಯಲ್ಲೇ ಕಲಿತು ದೊಡ್ಡ ಬೈಕಿನ ಲೈಸೆನ್ಸ್ ಪಡೆಯುವ ದಾರಿ ತೆರೆದದ್ದು 1996ರಲ್ಲಿ. ಹಾಗಾಗಿ ಎರಡು ದಶಕ ಅಲ್ಲಿನ ಯುವಕರ ಕನಸು 400 ಸಿಸಿಯ ಅಳತೆಗೆ ಕುಗ್ಗಿ ಕೂತಿತು. ಸಿಬಿ400ನಂಥ ಪುಟ್ಟ ಸ್ಟ್ಯಾಂಡರ್ಡ್ ಬೈಕುಗಳನ್ನೇ ಗುಂಪುಕಟ್ಟಿ ರಾತ್ರಿ ಗದ್ದಲವೆಬ್ಬಿಸುವ ಬೊಸೊಜೊಕು ಹುಡುಗರು ಎತ್ತರದ ಸೀಟಿನ ಬೆನ್ನು, ಬಣ್ಣಬಣ್ಣದ ಹೊದಿಕೆ ಹಾಕಿ ಗುರುತು ಸಿಗದಂತೆ ಮಾಡಿದರು. ಮುಂದೆ 1992ರಲ್ಲಿ ಬಂದ ಸಿಬಿ400 ಸೂಪರ್ ಫೋರ್ ಡ್ರೈವಿಂಗ್ ಶಾಲೆಗಳ ಬೈಕಾಗಿ, ಲೆಕ್ಕವಿಲ್ಲದಷ್ಟು ಜಪಾನೀಯರಿಗೆ ಮೊದಲ ಸಲ ಕ್ಲಚ್ಚು ಬಿಡುವುದನ್ನು ಕಲಿಸಿತು.

ದೊಡ್ಡ ಸಿಬಿ, ಝಡ್, ಜಿಎಸ್‌ಗಳು ಆ ಕಾಲದ ಭಾರತಕ್ಕೆ ಬರಲಿಲ್ಲ; ಆಮದು ಸುಂಕ ದಾಟಿ ಬಂದವು ಬೆರಳೆಣಿಕೆಯಷ್ಟು. ಆದರೆ ಆ ಆಕಾರ ಬಂತು. 1983ರಲ್ಲಿ ರಾಜ್‌ದೂತ್ 350 ಹೆಸರಿನಲ್ಲಿ ಯಮಾಹಾದ ಆರ್‌ಡಿ350 ಬಂತು. ಬೆಂಗಳೂರಿನ ಮಗ್ಗುಲಿನ ಹೊಸೂರಿನಲ್ಲಿ 1984ರಿಂದ ಇಂಡ್ ಸುಜುಕಿ ತಯಾರಾಯಿತು. 1985ರಲ್ಲಿ ಹೀರೋ ಹೋಂಡಾ ಸಿಡಿ100 ಮತ್ತು ಆರ್‌ಎಕ್ಸ್100, ಅದರ ಬೆನ್ನಿಗೇ ಕವಾಸಾಕಿ ಬಜಾಜ್ ಬಂದವು. ಅದುವರೆಗೆ ಮೈಸೂರಿನ ಯೆಜ್ಡಿ, ಮದ್ರಾಸಿನ ಬುಲೆಟ್ಟುಗಳ ಗುಡುಗು ಕೇಳಿದ್ದ ನಮ್ಮ ರಸ್ತೆಗಳಲ್ಲಿ ಹಗುರ ಗಾಡಿಗಳ ಹೊಸ ದನಿ ಎದ್ದಿತು. ಆರ್‌ಎಕ್ಸ್100ನ ತೂಕ ನೂರು ಕಿಲೋ ಚಿಲ್ಲರೆ, ಎಂಜಿನ್ನು 98 ಸಿಸಿ, ಶಕ್ತಿ 11 ಅಶ್ವ. ಅಮೆರಿಕದಲ್ಲಿ ಸಿಬಿ750 ಮಾಡಿದ್ದನ್ನೆಲ್ಲ ಅದು ನಮ್ಮ ಹಳ್ಳಿ ಪೇಟೆಗಳಲ್ಲಿ ನಮ್ಮ ಅಳತೆಗೆ ತಕ್ಕಂತೆ ಮಾಡಿತು.

ನಮ್ಮ ತಂದೆಯವರ ಆರ್‌ಎಕ್ಸ್‌ಗೆ ಎರಡೂ ಬದಿ ಕಬ್ಬಿಣದ ಸ್ಟ್ಯಾಂಡು ಇತ್ತು. ಬೆಳಿಗ್ಗೆ ಅದರಲ್ಲಿ ಹಾಲಿನ ಕ್ಯಾನು ಕೂರುತ್ತಿದ್ದವು. ಡೇರಿಯಿಂದ ಬಂದ ಮೇಲೆ ನಾನು ಟ್ಯಾಂಕಿನ ಮೇಲೆ, ಅಕ್ಕ ಹಿಂದೆ, ನಡುವೆ ಅಪ್ಪ, ಶಾಲೆಗೆ. ಮಧ್ಯಾಹ್ನ ಗೊಬ್ಬರದ ಚೀಲ. ಹಬ್ಬಕ್ಕೆ ಅಮ್ಮ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಸೀಟು ಉದ್ದಕ್ಕೆ ಚಪ್ಪಟೆಯಾಗಿದ್ದದ್ದರಿಂದಲೇ ಅದು ಆಗುತ್ತಿತ್ತು. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಗಾರ್ಡು, ಅವರ ಕಾಲಿಗೆಂದೇ ಅಡ್ಡ ಫುಟ್‌ರೆಸ್ಟು, ಇವು ಜಪಾನಿನ ನಕ್ಷೆಯಲ್ಲಿ ಇರಲಿಲ್ಲ, ನಮ್ಮ ಮನೆಗಳಿಗಾಗಿ ಸೇರಿದವು. ಅದೇ ಎಂಜಿನ್ನಿನ ಪೋರ್ಟು ಕೆತ್ತಿಸಿ, ಸೈಲೆನ್ಸರ್ ಬದಲಿಸಿ, ಬೆಂಗಳೂರಿನ ಹುಡುಗರು ಡ್ರ್ಯಾಗ್ ರೇಸಿಗೂ ಮಣ್ಣಿನ ಟ್ರ್ಯಾಕಿಗೂ ಇಳಿಯುತ್ತಿದ್ದರು. 1996ರಲ್ಲಿ ತಯಾರಿಕೆ ನಿಂತಿತು, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೇಳುವವರು ಮಾತ್ರ ಇನ್ನೂ ನಿಂತಿಲ್ಲ.

ಈ ಬೈಕುಗಳಿಗೆ ಐಬೇ ಇರಲಿಲ್ಲವೆಂದರೆ ಅದು ಸುಳ್ಳಾಗುತ್ತದೆ. 1970ರ ದಶಕದ ಜಪಾನಿ ಎಂಜಿನ್ನುಗಳು ಚೌಕಟ್ಟುಗಳಿಗಿಂತ ಬಹಳ ಮುಂದಿದ್ದವು. ವೇಗದ ತಿರುವಿನಲ್ಲಿ ಝಡ್1ರ ಮೈ ಬಳುಕುತ್ತಿತ್ತು. ಸಿಬಿ750ರ ಹಿಂದಿನ ಸ್ವಿಂಗ್‌ಆರ್ಮಿನ ಬುಷ್ಷುಗಳು ಬೇಗ ಸವೆದು ಚಕ್ರ ಅತ್ತಿತ್ತ ಆಡುತ್ತಿತ್ತು; ತಿಳಿದವರು ಅದನ್ನು ಕಂಚಿನದಕ್ಕೆ ಬದಲಿಸುತ್ತಾರೆ. ಮೊದಲ ಮಾದರಿಗಳಲ್ಲಿ ಚೈನು ತುಂಡಾಗಿ ಎಂಜಿನ್ನಿನ ಕವಚವನ್ನೇ ಒಡೆದ ಪ್ರಸಂಗಗಳಿವೆ. ಸ್ಟೇನ್‌ಲೆಸ್ ಡಿಸ್ಕು ಮಳೆಯಲ್ಲಿ ನೆನೆದರೆ ಬ್ರೇಕು ಒಂದು ಗಳಿಗೆ ತಡವಾಗಿ ಹಿಡಿಯುತ್ತಿತ್ತು, ಆ ಒಂದು ಗಳಿಗೆ ಬಹಳ ದೊಡ್ಡದು. ಸುಜುಕಿ ಜಿಎಸ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸ್ಟೇಟರ್ ಸುಡುವುದು ಹಳೆಯ ಕಾಯಿಲೆ. ಆದರೆ ಈ ಐಬುಗಳೆಲ್ಲ ಕಣ್ಣಿಗೆ ಕಾಣುವಂಥವು, ಕೈಗೆ ಸಿಗುವಂಥವು. ಬಳುಕುವ ಚೌಕಟ್ಟಿಗೆ ತುಂಡು ಬೆಸೆದು ಬಿಗಿಮಾಡಬಹುದು, ಒಳ್ಳೆಯ ಶಾಕು, ಒಳ್ಳೆಯ ಟೈರು ಹಾಕಿದರೆ ಅರ್ಧ ಬಳುಕು ಅಲ್ಲೇ ಹೋಗುತ್ತದೆ.

ರಿಪೇರಿಯ ಮಾತು ಬಂತು. ಇಲ್ಲಿ ಒಂದು ಸಣ್ಣ ವಿಷಯವನ್ನು ಬಿಡದೆ ಹೇಳಬೇಕು, ಏಕೆಂದರೆ ಎಷ್ಟೋ ಒಳ್ಳೆಯ ಬೈಕುಗಳು ಇದರಿಂದಲೇ ಗಾಯಗೊಂಡಿವೆ. ಎಂಜಿನ್ನಿನ ಕವರಿಗೆ, ಕಾರ್ಬೊರೇಟರಿಗೆ ಇರುವ ಪ್ಲಸ್ ತಲೆಯ ಸ್ಕ್ರೂಗಳು ನಾವು ತಿಳಿದ ಫಿಲಿಪ್ಸ್ ಸ್ಕ್ರೂಗಳಲ್ಲ. ಅವು ಜಪಾನಿನ ಜಿಸ್ ಮಾನದಂಡದವು. ಹಲವು ಸ್ಕ್ರೂಗಳ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇರುತ್ತದೆ, ಅದೇ ಗುರುತು. ಫಿಲಿಪ್ಸ್ ಸ್ಕ್ರೂಡ್ರೈವರ್ ಅದರ ತಳದವರೆಗೆ ಕೂರುವುದಿಲ್ಲ. ಬಲ ಹಾಕಿದರೆ ಮೇಲಕ್ಕೆ ಜಾರಿ ತಲೆಯನ್ನು ತಿಂದುಹಾಕುತ್ತದೆ. ಜಿಸ್ ತುದಿಯ ಸ್ಕ್ರೂಡ್ರೈವರ್ ಹಿಡಿದರೆ ನಲವತ್ತು ವರ್ಷದ ಸ್ಕ್ರೂ ಕೂಡ ಮರ್ಯಾದೆಯಿಂದ ಬಿಚ್ಚಿಕೊಳ್ಳುತ್ತದೆ. ಹಾಗೆಯೇ ಸಿಬಿ750ರ ಟ್ಯಾಪೆಟ್ಟು: ಒಳವಾಲ್ವಿಗೆ 0.05 ಮಿಲಿಮೀಟರ್ ಸಂದು, ಹೊರವಾಲ್ವಿಗೆ 0.08. ಒಂದು ಫೀಲರ್ ಗೇಜು, ಒಂದು ಸ್ಪಾನರು, ಒಂದು ಭಾನುವಾರ ಬೆಳಿಗ್ಗೆ ಸಾಕು. ನಾಲ್ಕು ಕಾರ್ಬೊರೇಟರುಗಳನ್ನು ಸಮ ಮಾಡುವುದು ಸ್ವಲ್ಪ ನಾಜೂಕಿನ ಕೆಲಸ. ನಾಲ್ಕರ ಎಳೆತವನ್ನೂ ಗೇಜಿನಲ್ಲಿ ನೋಡುತ್ತ, ನಾಲ್ಕೆತ್ತನ್ನು ಒಂದೇ ಹೆಜ್ಜೆಗೆ ತರುವ ಹಾಗೆ, ಒಂದೊಂದೇ ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಬೇಕು. ಸಮಕ್ಕೆ ಬಂದ ಕ್ಷಣ ಎಂಜಿನ್ನಿನ ದನಿಯೇ ಬದಲಾಗುತ್ತದೆ. ಒರಟು ಗೊಣಗು ಹೋಗಿ ರೇಷ್ಮೆ ಎಳೆದಂಥ ಒಂದು ಸದ್ದು ಉಳಿಯುತ್ತದೆ. ಅದನ್ನು ಒಮ್ಮೆ ಕೇಳಿದವರಿಗೆ ಮರೆಯುವುದು ಕಷ್ಟ.

ಈಚಿನ ವರ್ಷಗಳಲ್ಲಿ ಈ ಬೈಕುಗಳನ್ನು ಕೆಫೆ ರೇಸರ್ ಮಾಡುವ ಹುಚ್ಚು ಎಲ್ಲ ದೇಶಗಳಲ್ಲೂ ಹಬ್ಬಿದೆ. ಮಾಡಲಿ, ಅದಕ್ಕೇ ಅಲ್ಲವೇ ಈ ಗಾಡಿ. ನನ್ನ ಸಂಕಟ ಬೇರೆ. ಹಿಂದಿನ ಚೌಕಟ್ಟನ್ನು ಗರಗಸದಿಂದ ಕತ್ತರಿಸಿ, ಇಬ್ಬರು ಕೂರುವ ಸೀಟಿನ ಜಾಗದಲ್ಲಿ ಹಲಗೆಯಂಥ ಸೀಟು ಕೂರಿಸಿ, ಗಾಳಿಪೆಟ್ಟಿಗೆ ಎಸೆದು ನಾಲ್ಕು ಬಿಡಿ ಫಿಲ್ಟರ್ ಸಿಕ್ಕಿಸುತ್ತಾರೆ. ಗಾಳಿಪೆಟ್ಟಿಗೆ ಹೋದ ಮೇಲೆ ಕಾರ್ಬೊರೇಟರಿನ ಲೆಕ್ಕವೆಲ್ಲ ತಪ್ಪುತ್ತದೆ, ನಡು ವೇಗದಲ್ಲಿ ಎಂಜಿನ್ನು ಮುಗ್ಗರಿಸುತ್ತದೆ. ಕತ್ತರಿಸಿದ ಚೌಕಟ್ಟು ಮತ್ತೆ ಲಗೇಜು ಹೊರುವುದಿಲ್ಲ, ಹಿಂದೊಬ್ಬರನ್ನು ಕೂರಿಸಿಕೊಳ್ಳುವುದಿಲ್ಲ. ಹತ್ತು ಕೆಲಸಕ್ಕೆ ಬರುತ್ತಿದ್ದ ಗಾಡಿ ಒಂದೇ ಕೆಲಸಕ್ಕೆ, ಅದೂ ಅರೆಬರೆಯಾಗಿ, ಉಳಿಯುತ್ತದೆ. ಹ್ಯಾಂಡಲ್ಲು ತಗ್ಗಿಸಿ, ಸೀಟು ಬದಲಿಸಿ, ಸೈಲೆನ್ಸರ್ ನಾಲ್ಕಿದ್ದದ್ದನ್ನು ಒಂದು ಮಾಡಿ. ಬಿಚ್ಚಿದ್ದನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಿ. ಗರಗಸ ಮಾತ್ರ ಮುಟ್ಟಬೇಡಿ.

ಸ್ಟ್ಯಾಂಡರ್ಡ್ ಬೈಕಿನ ಕಾಲ ಮುಗಿದದ್ದು ಸೋಲಿನಿಂದಲ್ಲ. ಸವಾರರು ತಾವೇ ಜೋಡಿಸಿಕೊಳ್ಳುತ್ತಿದ್ದುದನ್ನೆಲ್ಲ 1980ರ ದಶಕದಲ್ಲಿ ಕಾರ್ಖಾನೆಗಳೇ ಜೋಡಿಸಿ ಮಾರತೊಡಗಿದವು. ಪ್ರವಾಸಕ್ಕೊಂದು, ಮೆರೆಯುವುದಕ್ಕೊಂದು, ರೇಸಿನ ನಕಲೊಂದು. 1984ರಲ್ಲಿ ಕವಾಸಾಕಿಯ ನಿಂಜಾ, 1985ರಲ್ಲಿ ಸುಜುಕಿ ಜಿಎಸ್‌ಎಕ್ಸ್-ಆರ್750 ಬಂದ ಮೇಲೆ ಹುಡುಗರ ಕಣ್ಣು ಅತ್ತ ತಿರುಗಿತು. ನಡುವೆ 1983ರಲ್ಲಿ ಅಮೆರಿಕ ಸರ್ಕಾರ 700 ಸಿಸಿ ಮೀರಿದ ಆಮದು ಬೈಕುಗಳ ಸುಂಕವನ್ನು ಶೇ 4.4ರಿಂದ ಒಮ್ಮೆಲೇ ಶೇ 49.4ಕ್ಕೆ ಏರಿಸಿದ್ದರಿಂದ ಹೆಸರಾಂತ 750ಗಳು ಅಲ್ಲಿ 700ಗಳಾಗಿ ಮಾರಾಟವಾಗಬೇಕಾಯಿತು. ಆದರೂ ಆ ಆಕಾರ ಸಾಯಲಿಲ್ಲ. 1989ರಲ್ಲಿ ಕವಾಸಾಕಿ ಝೆಫಿರ್ ಎಂಬ ಹಳೆಯ ಚಹರೆಯ ಬೈಕು ತಂದಾಗ ಜಪಾನಿನ ಜನ ಮುಗಿಬಿದ್ದರು. 1978ರಲ್ಲಿ ಹುಟ್ಟಿದ ಯಮಾಹಾ ಎಸ್‌ಆರ್400, ಸೆಲ್ಫ್ ಸ್ಟಾರ್ಟೇ ಇಲ್ಲದೆ, ಕಿಕ್ಕರ್ ಒದ್ದೇ ಶುರು ಮಾಡಬೇಕಾದ ಗಾಡಿಯಾಗಿ 2021ರವರೆಗೆ ಜಪಾನಿನಲ್ಲಿ ಮಾರಾಟವಾಯಿತು.

ಅಪ್ಪನ ಆರ್‌ಎಕ್ಸ್ ಈಗ ನನ್ನ ಬಳಿ ಇದೆ. ಅಕ್ಕನ ಮಗನಿಗೆ ಕಾಲೇಜಿಗೆ ಬೇಕಂತೆ. ಹೋದ ಭಾನುವಾರ ಅವನು ಬಂದ, ಕ್ಯಾನಿನ ಸ್ಟ್ಯಾಂಡು ತೆಗೆದುಬಿಡೋಣ ಮಾವ ಎಂದ. ಬದಿಗೆ ಎರಡರಂತೆ ಬೋಲ್ಟು, ತುಕ್ಕು ಹಿಡಿದಿದ್ದವು. ಸ್ವಲ್ಪ ಸೀಮೆಎಣ್ಣೆ ಬಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಸಡಿಲವಾದವು. ಸ್ಟ್ಯಾಂಡು ಕೂತಿದ್ದ ಜಾಗದಲ್ಲಿ ಕೆಳಗಿನ ಕಪ್ಪು ಬಣ್ಣ ಹೊಸದರಂತೆಯೇ ಇತ್ತು. ಅವನು ಒರೆಸಿದ. ನಾನು ಬೋಲ್ಟುಗಳನ್ನು ಡಬ್ಬಿಗೆ ಹಾಕಿ, ಸ್ಟ್ಯಾಂಡನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ.